ಮುಂಬೈ ಮುಳುಗಿದ ಸುದ್ದಿಯನ್ನು ಓದುವುದು ಹೇಗೆ?

‘ಪ್ರತಿ ಮಳೆಗಾಲದಲ್ಲೂ ಒಂದು ಪತ್ರಿಕೆ ಹವಾಮಾನ ಬದಲಾವಣೆ ಅನ್ನುತ್ತದೆ, ಇನ್ನೊಂದು ಪಾಲಿಕೆಯ ತಪ್ಪು ಅನ್ನುತ್ತದೆ. ಯಾವುದನ್ನು ನಂಬಲಿ?’ ಎಂದು ಕೇಳಿದ್ದೀರಿ. ಎರಡೂ ಒಟ್ಟಿಗೆ ನಿಜವಾಗಿರಬಹುದು. ನಾನು ಮೊದಲು ನೋಡುವುದು ತಲೆಬರಹದಲ್ಲಿ ಕರ್ತೃ ಯಾರು ಅನ್ನುವುದನ್ನು. ‘ವರುಣನ ಆರ್ಭಟ’, ‘ಮಳೆರಾಯನ ಮುನಿಸು’ ಎಂದಿದ್ದರೆ ಉತ್ತರ ಕೊಡಬೇಕಾದವರು ಅಲ್ಲಿ ಯಾರೂ ಇಲ್ಲ. ಇಂಥ ತಲೆಬರಹ ಓದಿ ಓದಿ ಮಾತುಂಗಾದಿಂದ ಡೊಂಬಿವಲಿವರೆಗಿನ ನಮ್ಮವರು ‘ಮಳೆಗಾಲ ಅಂದ್ಮೇಲೆ ಇದ್ದದ್ದೇ’ ಅನ್ನುತ್ತಾರೆ. ಜನಾಭಿಪ್ರಾಯ ಹೆಚ್ಚಾಗಿ ಹೀಗೇ ಕಟ್ಟಿಕೊಳ್ಳುತ್ತದೆ.

ಆಮೇಲೆ ಅಂಕಿ. ‘ದಾಖಲೆ ಮಳೆ’ ಎಂದಿದ್ದರೆ ಯಾವ ಮಾಪಕ, ಎಷ್ಟು ತಾಸು, ಆಗ ಸಮುದ್ರದ ಉಬ್ಬರ ಎಷ್ಟಿತ್ತು ಎಂದು ಹುಡುಕಿ. 2005ರ ಜುಲೈ 26ರ 944 ಮಿ.ಮೀ. ಉಪನಗರದ ಸಾಂತಾಕ್ರೂಜ್ ಮಾಪಕದ್ದು, ಅದೇ ಹೊತ್ತಿಗೆ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿ.ಮೀ. ಹವಾಮಾನ ಇಲಾಖೆ ಬೆಳಿಗ್ಗೆ 8:30ರಿಂದ ಮರುದಿನ 8:30ರವರೆಗಿನ ಮಳೆ ಕೊಡುತ್ತದೆ. ಚರಂಡಿಗೆ ಮುಖ್ಯವಾದದ್ದು ತಾಸಿನ ಲೆಕ್ಕ. ಹಳೆಯ ಚರಂಡಿಗಳನ್ನು ಕಟ್ಟಿದ್ದು ತಾಸಿಗೆ 25 ಮಿ.ಮೀ. ಮಳೆಗೆ, ಆಮೇಲಿನ ಯೋಜನೆಯ ಗುರಿ 50. ದಿನವಿಡೀ ಹದವಾಗಿ 150 ಮಿ.ಮೀ. ಸುರಿದರೆ ಹರಿದುಹೋದೀತು, ಅಷ್ಟೂ ಎರಡು ತಾಸಿನಲ್ಲಿ ಬಿದ್ದರೆ ಹಿಂದಮಾತಾದಂಥ ತಗ್ಗು ಪ್ರದೇಶದಲ್ಲಿ ನೀರು ನಿಲ್ಲದೆ ಇರದು. ಉಬ್ಬರ 4.5 ಮೀಟರ್ ದಾಟಿದಾಗ ಚರಂಡಿಯ ಬಾಯಿಗಳೇ ಸಮುದ್ರದ ಮಟ್ಟಕ್ಕಿಂತ ಕೆಳಗಾಗುವುದರಿಂದ ಕಡಿಮೆ ಮಳೆಯೂ ಸಾಕು.

ಇನ್ನು ವಿಜ್ಞಾನ. ಒಂದು ಮಳೆಯನ್ನು ತೋರಿಸಿ ‘ಇದು ಹವಾಮಾನ ಬದಲಾವಣೆಯದೇ’ ಎಂದು ಮರುದಿನವೇ ಬರೆದರೆ ಅದು ಅವಸರ. ಅಂಥ ಮಳೆಯ ಸಾಧ್ಯತೆ ಅಥವಾ ತೀವ್ರತೆ ಎಷ್ಟು ಹೆಚ್ಚಿದೆ ಎಂದು ಕೇಳುವ ವರದಿ ಸರಿಯಾದ ದಾರಿಯಲ್ಲಿದೆ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಶೋಧನಾ ಸಂಸ್ಥೆಯ (ಐಐಟಿಎಂ) ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 1950ರಿಂದ 2015ರೊಳಗೆ ಮಧ್ಯ ಭಾರತದಲ್ಲಿ ವ್ಯಾಪಕ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟಾಗಿವೆ. ಇಷ್ಟು ಗೊತ್ತಿದ್ದ ಮೇಲೂ ‘ಇದೆಲ್ಲ ಸಹಜ’ ಅನ್ನುವವರೊಬ್ಬರಿಗೆ ವಿಜ್ಞಾನಿಯ ಸಮಕ್ಕೆ ಜಾಗ ಕೊಡುವುದು ನಿಷ್ಪಕ್ಷಪಾತವಲ್ಲ, ಓದುಗರಿಗೆ ಮಾಡುವ ಅನ್ಯಾಯ.

ಆದರೆ ಅಧಿಕಾರಿಗಳು ‘ಹವಾಮಾನ ಬದಲಾಗಿದೆ, ನಾವೇನು ಮಾಡೋಣ’ ಅಂದಾಗ ವರದಿಗಾರರು ಅಷ್ಟಕ್ಕೇ ನಿಲ್ಲಿಸಬಾರದು. ಮಳೆ ಹೀಗೆ ಬದಲಾಗುತ್ತದೆಂದು ಗೊತ್ತಿದ್ದೇ 2022ರ ಮಾರ್ಚಿನಲ್ಲಿ ಮುಂಬೈಯ ಹವಾಮಾನ ಕ್ರಿಯಾ ಯೋಜನೆ ಬಂದದ್ದು.

ಹಾಗಾಗಿ ಪತ್ರಿಕೆಯನ್ನು ಜುಲೈಗಿಂತ ಫೆಬ್ರವರಿಯಿಂದ ಮೇವರೆಗೆ ಗಮನವಿಟ್ಟು ಓದಿ: ಪಾಲಿಕೆಯ ಬಜೆಟ್ಟು, ನಾಲೆಗಳ ಹೂಳೆತ್ತುವಿಕೆ. ‘ಇಷ್ಟು ಟನ್ ಹೂಳು ತೆಗೆದೆವು’ ಎಂದಷ್ಟೇ ಇದ್ದರೆ ಯಾವ ವಾರ್ಡು, ಯಾವ ನಾಲೆ, ತೂಗಿದ್ದು ಎಲ್ಲಿ ಎಂದು ವಾಚಕರ ವಾಣಿಗೆ ನಾಲ್ಕು ಸಾಲು ಬರೆಯಿರಿ. ನಿಮ್ಮ ನಾಲೆಯ ಹೆಸರು ಅದರಲ್ಲಿರಲಿ.