ಪ್ಯಾರಾಲಿಂಪಿಕ್ಸ್ ಪಾಠವನ್ನು ‘ಅಯ್ಯೋ ಪಾಪ’ ಇಲ್ಲದೆ ಮಾಡುವುದು ಹೇಗೆ?

ಪೊನ್ನಂಪೇಟೆ ಕಡೆಯ ಶಾಲೆ, ನಾಲ್ಕು ಮತ್ತು ಐದನೇ ತರಗತಿ ಸೇರಿ ಇಪ್ಪತ್ತೆರಡು ಮಕ್ಕಳು. ಅವರಿಗೆ ಒಂದು ವಾರ ಪ್ಯಾರಾಲಿಂಪಿಕ್ಸ್, ಅಂದರೆ ಅಂಗವೈಕಲ್ಯ ಇರುವ ಆಟಗಾರರ ಜಾಗತಿಕ ಕ್ರೀಡಾಕೂಟದ ಬಗ್ಗೆ ಹೇಳಿಕೊಡಬೇಕು ಅಂದುಕೊಂಡಿದ್ದೀರಿ. ಆದರೆ ಅದೇ ತರಗತಿಯಲ್ಲಿ ಕಾಲಿಗೆ ಆಸರೆಯ ಕ್ಯಾಲಿಪರ್ ಹಾಕಿಕೊಂಡು ಬರುವ ಹುಡುಗನೊಬ್ಬ ಇದ್ದಾನೆ. ಅವನಿಗೆ ನೋವಾದರೆ? ಉಳಿದವರೆಲ್ಲ ಅವನ ಕಡೆ ತಿರುಗಿ ನೋಡಿದರೆ? ನೀವು ಕೇಳಿದ್ದು ಇಷ್ಟು. ಈ ಅಳುಕು ಇರುವುದೇ ಒಳ್ಳೆಯದು ಮೇಡಂ. ನನಗೆ ಮೊದಲ ವರ್ಷ ಅದು ಇರಲಿಲ್ಲ.

ನಾನು ನಿಮ್ಮ ಕೊಡಗಿನದೇ ಸೋಮವಾರಪೇಟೆ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕ. ನಮ್ಮಲ್ಲಿ ದೈಹಿಕ ಶಿಕ್ಷಕರ ಹುದ್ದೆ ಇಲ್ಲ, ಆಟವೂ ನನ್ನದೇ, ಪಾಠವೂ ನನ್ನದೇ. 2021ರಲ್ಲಿ ಕೊರೊನಾ ರಜೆ ಮುಗಿದು ಮಕ್ಕಳು ಮತ್ತೆ ಬಂದಾಗ ಟೋಕಿಯೊದಲ್ಲಿ ಭಾರತಕ್ಕೆ 19 ಪದಕ ಬಂದ ಸುದ್ದಿ ಇನ್ನೂ ಬಿಸಿಯಾಗಿತ್ತು. ‘ಅವರ ಕಷ್ಟ ಇವರಿಗೂ ಗೊತ್ತಾಗಲಿ’ ಎಂದು ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ಜಗಲಿಯಲ್ಲಿ ನಡೆಸಿದೆ. ಒಬ್ಬ ಕಂಬಕ್ಕೆ ಹೊಡೆದುಕೊಂಡ, ಒಬ್ಬಳು ಹೆದರಿ ಅತ್ತಳು. ಕೊನೆಗೆ ‘ಏನು ಕಲಿತಿರಿ?’ ಎಂದು ಕೇಳಿದರೆ, ‘ಪಾಪ ಸಾರ್, ಅವರಿಗೆ ಏನೂ ಮಾಡಲಿಕ್ಕಾಗುವುದಿಲ್ಲ’ ಎಂಬ ಉತ್ತರ ಬಂತು. ದೃಷ್ಟಿ ತೀರಾ ಮಂದವಾಗಿದ್ದ ಹುಡುಗಿಯೊಬ್ಬಳು ಅದೇ ಸಾಲಿನಲ್ಲಿ ಕೂತಿದ್ದಳು. ಮಾರನೆಯ ದಿನ ಅವಳು ಶಾಲೆಗೆ ಬರಲಿಲ್ಲ. ಸಂಜೆ ತೋಟದ ಕಾರ್ಮಿಕರ ಲೈನ್ ಮನೆಗೆ ಹೋಗಿ ಅವಳ ತಾಯಿಯ ಮುಂದೆ ಕೂತೆ. ನನಗೆ ಹೇಳಲು ಮಾತು ಸಿಗಲಿಲ್ಲ.

ಆಮೇಲೆ ಯೋಚಿಸಿದೆ. ಕಣ್ಣು ಕಾಣದವರು ಎಷ್ಟೋ ವರ್ಷ ಬದುಕಿ, ಕಿವಿಯಿಂದ, ಕೈಯಿಂದ, ಪಾದದಿಂದ ಕಲಿತುಕೊಂಡ ವಿದ್ಯೆ ಐದು ನಿಮಿಷ ಬಟ್ಟೆ ಕಟ್ಟಿಕೊಂಡವರಿಗೆ ಬರುವುದಿಲ್ಲ. ಆ ಐದು ನಿಮಿಷದಲ್ಲಿ ಸಿಗುವುದು ಭಯ ಮಾತ್ರ. ಹಾಗಾಗಿ ದಯವಿಟ್ಟು ಆ ‘ಚಟುವಟಿಕೆ’ ಮಾಡಬೇಡಿ, ಯಾವ ತರಬೇತಿಯಲ್ಲಿ ಹೇಳಿಕೊಟ್ಟಿದ್ದರೂ ಸರಿ. ಅಂಗವೈಕಲ್ಯದಿಂದ ಶುರುಮಾಡದೆ ಆಟದಿಂದ ಶುರುಮಾಡಿ. ನಿಯಮ ಏನು, ಪಾಯಿಂಟ್ ಹೇಗೆ, ಗೆಲ್ಲುವುದು ಹೇಗೆ ಎಂಬುದು ಮೊದಲು. ಯಾರು ಆಡುತ್ತಾರೆ ಎಂಬುದು ಅದರ ಹಿಂದೆಯೇ ತಾನಾಗಿ ಬರುತ್ತದೆ.

ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಪಾಠಕ್ಕೆ ಎರಡು ದಿನ ಮೊದಲೇ ಅವನ ಹತ್ತಿರ ಒಬ್ಬನೇ ಇರುವಾಗ ಮಾತಾಡಿ. ‘ಹೀಗೊಂದು ಆಟದ ವಾರ ಮಾಡುತ್ತಿದ್ದೇನೆ, ನಿನಗೆ ಯಾವುದು ಇಷ್ಟ?’ ಎಂದಷ್ಟೇ ಕೇಳಿ. ‘ನಿನ್ನ ಹಾಗೆ ಇರುವವರ ಆಟ’ ಎಂಬ ಮಾತು ಬಾಯಿಗೆ ಬರುವುದೇ ಬೇಡ. ನಮ್ಮಲ್ಲಿ ಒಂದು ಕಾಲು ಬಲವಿಲ್ಲದ ಹುಡುಗನೊಬ್ಬನಿದ್ದ. ನಾನು ಕೇಳಿದಾಗ ಅವನು ಹೇಳಿದ್ದು ಒಂದೇ ಮಾತು: ‘ಸಾರ್, ಈ ಸಲ ನಾನು ಸ್ಕೋರ್ ಬರೆಯುವುದಿಲ್ಲ.’ ಮೂರು ವರ್ಷದಿಂದ ಪ್ರತಿ ಆಟದಲ್ಲೂ ಅವನ ಕೈಗೆ ನಾನು ಚಾಕ್‌ಪೀಸ್ ಕೊಟ್ಟು ಕೂರಿಸುತ್ತಿದ್ದೆ, ಅವನಿಗೆ ಒಳ್ಳೆಯದು ಮಾಡುತ್ತಿದ್ದೇನೆ ಎಂದೇ ನಂಬಿಕೊಂಡಿದ್ದೆ. ನಿಮ್ಮ ಹುಡುಗನ ಕೈಯಲ್ಲೂ ಚಾಕ್‌ಪೀಸ್ ಇದೆಯೇ ಎಂದು ಒಮ್ಮೆ ನೋಡಿ.

ಮೊದಲ ದಿನಕ್ಕೆ ಬೋಚಾ ಆಡಿಸಿ. ಗೋಲಿ ಆಡಿದ ಮಕ್ಕಳಿಗೆ ಅದನ್ನು ಕಲಿಸುವ ಕೆಲಸವೇ ಇಲ್ಲ. ಒಂದು ಬಿಳಿ ಚೆಂಡು ಎಸೆಯಬೇಕು, ಆಮೇಲೆ ಒಬ್ಬರದು ಆರು ಕೆಂಪು, ಇನ್ನೊಬ್ಬರದು ಆರು ನೀಲಿ; ಬಿಳಿಯ ಹತ್ತಿರ ಯಾರದು ನಿಲ್ಲುತ್ತದೋ ಅವರಿಗೆ ಪಾಯಿಂಟ್. ಎಲ್ಲರೂ ಕೂತೇ ಆಡುವುದು. ನಿಜವಾದ ಚೆಂಡು ಸುಮಾರು 275 ಗ್ರಾಂ ಇರುತ್ತದೆ. ನಾವು ಹಳೆಯ ಸಾಕ್ಸಿಗೆ ಮರಳು, ಭತ್ತ ಬೆರೆಸಿ ತುಂಬಿ, ಬಿಸಿಯೂಟದ ತಕ್ಕಡಿಯಲ್ಲಿ ತೂಗಿ, ಬಾಯಿ ಹೊಲಿದೆವು. ಗಣಿತದ ಒಂದು ಪಿರಿಯಡ್ ಅಲ್ಲೇ ಆಗಿಹೋಯಿತು. ಕೈಯಿಂದ ಎಸೆಯಲು ಆಗದ ಆಟಗಾರರು ಇಳಿಜಾರು ದೋಣಿಯ ಮೇಲಿಂದ ಚೆಂಡು ಬಿಡುತ್ತಾರೆ. ತೋಟದ ಹಳೆಯ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿದರೆ ಆ ದೋಣಿ ಸಿದ್ಧ. ಅದರದೊಂದು ನಿಯಮ ನನಗೆ ಬಹಳ ಇಷ್ಟ: ದೋಣಿ ಹಿಡಿಯುವ ಸಹಾಯಕ ಅಂಕಣಕ್ಕೆ ಬೆನ್ನು ಹಾಕಿ ಕೂರಬೇಕು, ತಿರುಗಿ ನೋಡುವಂತಿಲ್ಲ. ಎಷ್ಟು ಎತ್ತರ, ಯಾವ ದಿಕ್ಕು ಎಂದು ಲೆಕ್ಕ ಹಾಕುವುದು ಆಟಗಾರನೇ, ಸಹಾಯಕ ಅವನು ಹೇಳಿದಷ್ಟು ಮಾಡಬೇಕು. ನಮ್ಮ ತರಗತಿಯ ಚುರುಕು ಹುಡುಗಿಯೊಬ್ಬಳಿಗೆ ಬಾಯಿ ಮುಚ್ಚಿಕೊಂಡು ಇನ್ನೊಬ್ಬರ ಮಾತಿನಂತೆ ಪೈಪು ಹಿಡಿಯುವುದು ಮಹಾ ಕಷ್ಟವಾಯಿತು. ಸಹಾಯ ಎಂದರೇನು ಎಂದು ನಾನು ಬಾಯಲ್ಲಿ ಎಷ್ಟು ಹೇಳಿದ್ದರೂ ಅವಳಿಗೆ ಅಷ್ಟು ತಿಳಿಯುತ್ತಿರಲಿಲ್ಲ.

ಎರಡನೆಯದು ಗೋಲ್‌ಬಾಲ್. ಇಲ್ಲಿ ಕಣ್ಣಿಗೆ ಬಟ್ಟೆ ಕಟ್ಟಬಹುದು, ಏಕೆಂದರೆ ಅದು ಆಟದ ನಿಯಮ. ಸ್ವಲ್ಪ ಕಾಣುವವರು, ಏನೂ ಕಾಣದವರು ಎಲ್ಲರೂ ಒಂದೇ ಆಗಲಿ ಎಂದು ಎಲ್ಲ ಆಟಗಾರರೂ ಕಣ್ಣು ಮುಚ್ಚಿಕೊಳ್ಳುತ್ತಾರೆ. ಒಂದು ಕಡೆಗೆ ಮೂವರು, ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ, ಗೋಲು ಅಷ್ಟೂ ಅಗಲಕ್ಕೆ ಚಾಚಿಕೊಂಡಿರುತ್ತದೆ. 1.25 ಕಿಲೋ ತೂಕದ ಚೆಂಡಿನೊಳಗೆ ಗಂಟೆ ಇರುತ್ತದೆ, ಸದ್ದು ಕೇಳಿ ಇಡೀ ಮೈ ಚಾಚಿ ತಡೆಯಬೇಕು. ಗೆರೆಗಳ ಟೇಪಿನ ಕೆಳಗೆ ದಾರ ಇರುವುದರಿಂದ ಕೈಯಾಡಿಸಿದರೆ ತಾವೆಲ್ಲಿದ್ದೇವೆ ಎಂದು ಗೊತ್ತಾಗುತ್ತದೆ. ನಾವು ಗೋಣಿ ದಾರದ ಮೇಲೆ ಟೇಪು ಅಂಟಿಸಿದೆವು, ಹಗುರವಾದ ಪ್ಲಾಸ್ಟಿಕ್ ಚೆಂಡಿಗೆ ಗೆಜ್ಜೆ ಕಟ್ಟಿದ ಬಲೆ ಸುತ್ತಿದೆವು. ಮಕ್ಕಳಿಗೆ ಭಾರದ ಚೆಂಡು ಬೇಡವೇ ಬೇಡ.

ಇದನ್ನು ಮಾತ್ರ ಜೂನ್, ಜುಲೈಯಲ್ಲಿ ಇಟ್ಟುಕೊಳ್ಳಬೇಡಿ. ಒಂದು ವರ್ಷ ನಾನು ಆಷಾಢದಲ್ಲಿ ಆಡಿಸಲು ಹೋದೆ. ಶೀಟಿನ ಮಾಡಿನ ಮೇಲೆ ಮಳೆ ಸುರಿಯುವ ಸದ್ದಿಗೆ ಗೆಜ್ಜೆ ಕೇಳುವುದೆಲ್ಲಿ, ನನ್ನ ಸೀಟಿಯೇ ಕೇಳಲಿಲ್ಲ. ಆದರೆ ಗೋಲ್‌ಬಾಲ್ ನಡೆಯುವಾಗ ಸಾವಿರಾರು ಪ್ರೇಕ್ಷಕರು ಉಸಿರು ಬಿಗಿಹಿಡಿದು ಕೂರುತ್ತಾರೆ, ಗೋಲಾದ ಮೇಲೆಯೇ ಚಪ್ಪಾಳೆ ಎಂಬುದು ಏಕೆಂದು ಆ ದಿನ ಮಕ್ಕಳಿಗೆ ಹೇಳಬೇಕಾಗಲಿಲ್ಲ. ಮಳೆಗಾಲಕ್ಕೆ ಕೂತು ಆಡುವ ವಾಲಿಬಾಲ್ ಸರಿ. ಚೆಂಡು ಮುಟ್ಟುವಾಗ ಸೊಂಟದ ಕೆಳಭಾಗ ನೆಲ ಬಿಡಬಾರದು. ನೆಟ್ ಗಂಡಸರಿಗೆ 1.15 ಮೀಟರ್, ಹೆಂಗಸರಿಗೆ 1.05. ಹಸಿರು ಶೇಡ್ ನೆಟ್ ಎರಡು ಬೆಂಚಿಗೆ ಕಟ್ಟಿದರಾಯಿತು. ನಮ್ಮ ಶಾಲೆಯಲ್ಲಿ ಓಟದಲ್ಲಿ ಸದಾ ಮೊದಲು ಬರುವವನು ಇದರಲ್ಲಿ ತಡವರಿಸಿದ. ಚಾಕ್‌ಪೀಸ್ ಬಿಟ್ಟು ಬಂದ ಹುಡುಗನ ಸರ್ವ್ ಯಾರಿಗೂ ಎತ್ತಲಾಗಲಿಲ್ಲ.

‘ನಿಯಮ ಬದಲಾಯಿಸಿದರೆ ಆಟ ಸುಲಭವಾಗುತ್ತದಲ್ಲ ಸಾರ್’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದಕ್ಕೆ ನಾನು ಟೆನಿಸ್ ಹೇಳುತ್ತೇನೆ. ನಮ್ಮ ರೋಹನ್ ಬೋಪಣ್ಣ 2024ರಲ್ಲಿ, 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದದ್ದು ಕೊಡಗಿನ ಮಕ್ಕಳಿಗೆ ಗೊತ್ತು. ಗಾಲಿಕುರ್ಚಿ ಟೆನಿಸ್ಸಿಗೂ ಅದೇ ಅಂಕಣ, ಅದೇ ಎತ್ತರದ ನೆಟ್, ಅದೇ ಚೆಂಡು. ಚೆಂಡು ಎರಡು ಸಲ ಪುಟಿಯಬಹುದು ಎಂಬುದೊಂದೇ ಬದಲಾವಣೆ. ಒಂದು ಕೈಯಲ್ಲಿ ರಾಕೆಟ್ ಹಿಡಿದೇ ಗಾಲಿ ತಿರುಗಿಸಬೇಕು ಎಂದಾಗ ‘ಸುಲಭ’ ಎಂದವರು ಸುಮ್ಮನಾಗುತ್ತಾರೆ.

ಮೂರನೇ ದಿನ ಗೋಡೆಯ ಮೇಲೆ ಗೆರೆ ಎಳೆಯಿರಿ. ಮೊದಲ ಗೆರೆ 1.74 ಮೀಟರಿಗೆ. ನಮ್ಮ ಪಕ್ಕದ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸಿನಲ್ಲಿ ಜಿಗಿದು ಬೆಳ್ಳಿ ತಂದ ಎತ್ತರ ಅದು. ಆ ಸಲ ಇಡೀ ದೇಶಕ್ಕೆ ಬಂದದ್ದು ಆ ಒಂದೇ ಪದಕ. ಎರಡನೆಯದು 1.89ಕ್ಕೆ, ಮಾರಿಯಪ್ಪನ್ ತಂಗವೇಲು 2016ರಲ್ಲಿ ರಿಯೋದಲ್ಲಿ ಚಿನ್ನ ಗೆದ್ದದ್ದು. ಮೂರನೆಯದಕ್ಕೆ ನಾನು ಕುರ್ಚಿ ಹತ್ತಬೇಕಾಯಿತು: 2.08, 2024ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರವೀಣ್ ಕುಮಾರ್ ಜಿಗಿದದ್ದು. ಮಕ್ಕಳು ಒಬ್ಬೊಬ್ಬರಾಗಿ ಗೆರೆಯ ಕೆಳಗೆ ಬಂದು ನಿಂತು ತಲೆಯ ಮೇಲೆ ಎಷ್ಟು ಜಾಗ ಉಳಿಯಿತು ಎಂದು ಅಳೆದುಕೊಂಡರು. ಯಾರ ಬಾಯಲ್ಲೂ ‘ಪಾಪ’ ಬರಲಿಲ್ಲ. ‘ಹೇಗೆ ಜಿಗಿದರು?’ ಎಂಬುದೇ ಪ್ರಶ್ನೆ. ಗಿರೀಶ ಅವರದು ಕತ್ತರಿಯಂತೆ ಒಂದೊಂದೇ ಕಾಲು ದಾಟಿಸುವ ಶೈಲಿ. ಅದನ್ನು ಹಗ್ಗ ಕಟ್ಟಿ ಸಂಜೆಯವರೆಗೂ ಅಭ್ಯಾಸ ಮಾಡಿದರು. ಸುಮಿತ್ ಅಂತಿಲ್ ಕೃತಕ ಕಾಲು ಧರಿಸಿ ಪ್ಯಾರಿಸ್ಸಿನಲ್ಲಿ ಎಸೆದ ಜಾವೆಲಿನ್ 70.59 ಮೀಟರ್ ಹೋಗಿತ್ತು. ಅದನ್ನು ಅಳೆಯಲು ನಮ್ಮ ಮೈದಾನ ಸಾಲದೆ, ಗೇಟು ದಾಟಿ ರಸ್ತೆಬದಿಯ ಸಿಲ್ವರ್ ಓಕ್ ಮರದವರೆಗೆ ಟೇಪು ಹಿಡಿದುಕೊಂಡು ಹೋದೆವು.

ಸ್ಪರ್ಧೆಯ ಹೆಸರಿನ ಜೊತೆ ಬರುವ ಟಿ11, ಎಫ್64 ಎಂಬ ವಿಭಾಗದ ಸಂಖ್ಯೆಗಳ ಬಗ್ಗೆ ಹೆಚ್ಚು ಹೇಳಬೇಡಿ. ಓಟ, ಜಿಗಿತಕ್ಕೆ ಟಿ, ಎಸೆತಕ್ಕೆ ಎಫ್. ಕಬಡ್ಡಿಯಲ್ಲಿ ತೂಕ ನೋಡುವ ಹಾಗೆ ಇಲ್ಲಿ ದೇಹದ ಚಲನೆ, ದೃಷ್ಟಿ ನೋಡಿ ಸಮಜೋಡಿ ಮಾಡುತ್ತಾರೆ ಎಂದರೆ ಈ ವಯಸ್ಸಿಗೆ ಸಾಕು.

ನಾಲ್ಕನೇ ದಿನಕ್ಕೆ ರಕ್ಷಿತಾ ರಾಜು ಅವರನ್ನು ಇಟ್ಟುಕೊಳ್ಳಿ. ಚಿಕ್ಕಮಗಳೂರು ಜಿಲ್ಲೆಯವರು, ನಮ್ಮ ಹಾಗೇ ಮಲೆನಾಡಿನ ಹುಡುಗಿ. ಕಣ್ಣು ಕಾಣುವುದಿಲ್ಲ. ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಜಕಾರ್ತ, ಹಾಂಗ್‌ಝೌ ಎರಡರಲ್ಲೂ 1500 ಮೀಟರ್ ಓಟದ ಚಿನ್ನ, 2024ರಲ್ಲಿ ಪ್ಯಾರಿಸ್ಸಿಗೂ ಹೋದರು. ಜೊತೆಯಲ್ಲಿ ಓಡುವ ಮಾರ್ಗದರ್ಶಿಯ ಕೈಗೂ ಇವರ ಕೈಗೂ ನಡುವೆ ಒಂದು ಗಿಡ್ಡ ಹಗ್ಗ. ಮಾರ್ಗದರ್ಶಿ ಎಳೆಯುವಂತಿಲ್ಲ, ಗುರಿಗೆರೆಯನ್ನು ಓಟಗಾರ್ತಿಗಿಂತ ಮೊದಲು ದಾಟುವಂತೆಯೂ ಇಲ್ಲ. ಜಡೆಯ ರಿಬ್ಬನ್ ಕೊಟ್ಟು ಇಬ್ಬಿಬ್ಬರನ್ನು ಓಡಿಸಿ, ಕಣ್ಣು ಬಿಟ್ಟುಕೊಂಡೇ ಓಡಲಿ. ಹೆಜ್ಜೆಗೆ ಹೆಜ್ಜೆ, ತೋಳಿಗೆ ತೋಳು ಕೂಡಿಬರುವುದೇ ಎಷ್ಟು ಕಷ್ಟ ಎಂದು ಗೊತ್ತಾಗುತ್ತದೆ.

ಅದಾದ ಮೇಲೆ ಈ ಘಟನೆ ಹೇಳಿ. ಪ್ಯಾರಿಸ್ಸಿನ ಮ್ಯಾರಥಾನಿನಲ್ಲಿ ಸ್ಪೇನಿನ ಎಲೆನಾ ಕಾಂಗೋಸ್ಟ್ ಮೂರನೆಯವರಾಗಿ ಬರುತ್ತಿದ್ದರು. ಗುರಿಗೆ ಇನ್ನು ಕೆಲವೇ ಮೀಟರ್ ಇದ್ದಾಗ ಮಾರ್ಗದರ್ಶಿಗೆ ಸ್ನಾಯು ಸೆಳೆತ ಬಂದು ಕುಸಿಯುವಂತಾದರು. ಎಲೆನಾ ಕ್ಷಣಮಾತ್ರ ಹಗ್ಗ ಬಿಟ್ಟು ಅವರನ್ನು ಹಿಡಿದುಕೊಂಡರು. ಹಗ್ಗ ಬಿಡಬಾರದೆಂಬ ನಿಯಮದಂತೆ ಅನರ್ಹರಾದರು, ಕಂಚು ಹೋಯಿತು. ‘ಪದಕ ಕೊಡಬೇಕಿತ್ತೇ?’ ಎಂದು ಕೇಳಿ ನೀವು ಸುಮ್ಮನೆ ಕೂತುಬಿಡಿ. ನಮ್ಮಲ್ಲಿ ಬಿಸಿಯೂಟದ ಗಂಟೆ ಹೊಡೆದರೂ ಜಗಳ ಮುಗಿಯಲಿಲ್ಲ. ‘ನಿಯಮ ನಿಯಮವೇ’ ಎಂದವರಲ್ಲಿ ಆ ಮಂದದೃಷ್ಟಿಯ ಹುಡುಗಿಯೂ ಒಬ್ಬಳು, ಎಲ್ಲರಿಗಿಂತ ದೊಡ್ಡ ದನಿ ಅವಳದು. ಐದನೇ ತರಗತಿಗೆ ಬಂದಿದ್ದಳು ಆಗ.

ಇತಿಹಾಸವನ್ನು ಕೊನೆಗೆ ಇಟ್ಟರೂ ನಡೆಯುತ್ತದೆ. ನಮ್ಮ ಜಿಲ್ಲೆಯಲ್ಲಿ ಅದು ಬೇಗ ನಾಟುತ್ತದೆ, ಸಮವಸ್ತ್ರದ ಫೋಟೊ ತೂಗುಹಾಕಿದ ಮನೆಗಳು ಎಷ್ಟಿಲ್ಲ! ಎರಡನೇ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರಿಗೆ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡುತ್ತಿದ್ದ ಡಾಕ್ಟರ್ ಲುಡ್ವಿಗ್ ಗುಟ್‌ಮನ್, 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯ ದಿನವೇ, 16 ಜನರಿಗೆ ಬಿಲ್ಲುಗಾರಿಕೆ ಸ್ಪರ್ಧೆ ನಡೆಸಿದರು. 1960ರಲ್ಲಿ ರೋಮ್‌ನಲ್ಲಿ ಮೊದಲ ಪ್ಯಾರಾಲಿಂಪಿಕ್ಸ್ ನಡೆಯಿತು. ಪ್ಯಾರಾ ಎಂದರೆ ‘ಜೊತೆಜೊತೆಗೆ’. ಭಾರತದ ಮೊದಲ ಚಿನ್ನವೂ ಸೈನಿಕನದೇ: ಸೇನೆಯಲ್ಲಿ ಬಾಕ್ಸರ್ ಆಗಿದ್ದ ಮುರಳಿಕಾಂತ್ ಪೇಟ್ಕರ್ 1965ರ ಯುದ್ಧದಲ್ಲಿ ಗುಂಡೇಟು ತಿಂದು, ಈಜಿಗೆ ಇಳಿದು, 1972ರಲ್ಲಿ ಹೈಡಲ್‌ಬರ್ಗ್‌ನಲ್ಲಿ 50 ಮೀಟರನ್ನು 37.33 ಸೆಕೆಂಡಿನಲ್ಲಿ ಈಜಿ ವಿಶ್ವದಾಖಲೆ ಮಾಡಿದರು. ಇದನ್ನು ಕೇಳಿದ ಮೇಲೆ ಮನೆಯಿಂದ ತಾತಂದಿರ ಕಥೆಗಳು ಬಂದವು. ಒಬ್ಬ ತಾತ ತಾವೇ ಬಂದರು, ಕೋಲೂರಿಕೊಂಡು, ಬೋಚಾ ಆಡಿ ಹೋದರು.

ಒಂದು ಗೊಂದಲ ಶಿಕ್ಷಕರಲ್ಲೇ ಇರುತ್ತದೆ, ಅದನ್ನು ಬಿಡಿಸಿಕೊಂಡು ಹೋಗಿ. ಸ್ಪೆಷಲ್ ಒಲಿಂಪಿಕ್ಸ್ ಬೇರೆ, ಅದು ಬೌದ್ಧಿಕ ವೈಕಲ್ಯ ಇರುವವರಿಗಾಗಿ 1968ರಲ್ಲಿ ಶುರುವಾದದ್ದು. ಕಿವಿ ಕೇಳಿಸದವರಿಗೆ ಡೆಫ್‌ಲಿಂಪಿಕ್ಸ್ ಇದೆ, 1924ರಿಂದಲೇ.

ಕೊನೆಯ ದಿನಕ್ಕೆ ಪದಕ ಬೇಕಲ್ಲ. ರಿಯೋ ಪದಕಗಳನ್ನು ಕಣ್ಣು ಕಾಣದವರು ಅಲ್ಲಾಡಿಸಿ ಸದ್ದಿನಿಂದಲೇ ಗುರುತಿಸಲಿ ಎಂದು ಒಳಗೆ ಉಕ್ಕಿನ ಗುಂಡು ಹಾಕಿದ್ದರು: ಚಿನ್ನಕ್ಕೆ 28, ಬೆಳ್ಳಿಗೆ 20, ಕಂಚಿಗೆ 16. ನಾವು ಬೆಂಕಿಪೊಟ್ಟಣಕ್ಕೆ ಬಣ್ಣದ ಕಾಗದ ಅಂಟಿಸಿ ಅಷ್ಟಷ್ಟೇ ಕರಿಮೆಣಸಿನ ಕಾಳು ಹಾಕಿದೆವು. ಒಣಗಿದ ಮೆಣಸೇ ಆಗಬೇಕು, ಹಸಿಯದು ಸದ್ದು ಮಾಡುವುದಿಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಕೊಯ್ಲಿನ ಹೊತ್ತಿಗೆ ಪಾಠ ಇಟ್ಟುಕೊಂಡರೆ ಮಕ್ಕಳೇ ಜೇಬಿನಲ್ಲಿ ತರುತ್ತಾರೆ, ಮಳೆಯ ಸದ್ದೂ ಇರುವುದಿಲ್ಲ, ಗೋಲ್‌ಬಾಲೂ ಆಡಿಸಬಹುದು.