ಮಾಡಿ ನೋಡೋಣ: ಸುರುಳಿ ಏಕೆ ತಿರುಗಲಿಲ್ಲ?

ಪ್ರಶ್ನೆ: ಒಂದು ಸೆಲ್, ಎರಡು ಸೇಫ್ಟಿ ಪಿನ್, ಒಂದು ಆಯಸ್ಕಾಂತ ಬಳಸಿ ಏಳನೇ ತರಗತಿಯ ಮಕ್ಕಳಿಂದ ಪುಟ್ಟ ಮೋಟಾರ್ ಮಾಡಿಸಿದೆ. ಹೆಚ್ಚಿನವರ ತಂತಿಸುರುಳಿ ಒಂದೆರಡು ಸಲ ತೂಗಾಡಿ ನಿಂತುಬಿಡುತ್ತದೆ. ತಪ್ಪು ಎಲ್ಲಿದೆ?

ಉತ್ತರ: ತೂಗಾಡುತ್ತಿದೆ ಎಂದರೆ ಕರೆಂಟ್ ಹರಿಯುತ್ತಿದೆ. ಹಾಗಾಗಿ ಸೆಲ್ಲನ್ನು ಬಿಟ್ಟು ತಂತಿಯ ತುದಿಗಳನ್ನು ನೋಡಿ. ಕರೆಂಟ್ ತಡೆಯುವ ಲೇಪವನ್ನು ಎರಡೂ ತುದಿಗಳಲ್ಲಿ ಮಕ್ಕಳು ಸುತ್ತಲೂ ಚೊಕ್ಕಟವಾಗಿ ಕೆರೆದಿರುತ್ತಾರೆ. ಆಗ ಸುರುಳಿ ಅರ್ಧ ಸುತ್ತು ಬರುವಷ್ಟರಲ್ಲಿ ಬಲದ ದಿಕ್ಕು ಉಲ್ಟಾ ಆಗಿ ಅದನ್ನು ಹಿಂದಕ್ಕೆ ತಳ್ಳುತ್ತದೆ.

ಒಂದು ತುದಿಯನ್ನು ಸುತ್ತಲೂ ಕೆರೆಯಬೇಕು, ಇನ್ನೊಂದರಲ್ಲಿ ಅರ್ಧ ಮೈ ಮಾತ್ರ. ಸುರುಳಿಯನ್ನು ನೆಟ್ಟಗೆ ನಿಲ್ಲಿಸಿ ಹಿಡಿದು, ತುದಿಯನ್ನು ಮೇಜಿನ ಅಂಚಿನ ಮೇಲಿಟ್ಟು, ಮೇಲ್ಭಾಗವನ್ನಷ್ಟೇ ಉಪ್ಪುಕಾಗದದಿಂದ ಉಜ್ಜಿಸಿ. ಅರ್ಧ ಸುತ್ತಿಗೆ ಕರೆಂಟ್ ಸಿಗುತ್ತದೆ, ಉಳಿದರ್ಧವನ್ನು ಸುರುಳಿ ಬಂದ ವೇಗದಲ್ಲೇ ದಾಟಿಬಿಡುತ್ತದೆ. ಸುರುಳಿಯನ್ನು ಅಡ್ಡ ಮಲಗಿಸಿ ಉಜ್ಜಿದರೆ ಈ ಲೆಕ್ಕ ಕೆಡುತ್ತದೆ: ಆಯಸ್ಕಾಂತ ಸುರುಳಿಯ ಕೆಳಗಿರುವಾಗ ಕರೆಂಟ್ ತಪ್ಪು ಹೊತ್ತಿಗೆ ಸಿಕ್ಕು, ಮುಂದಕ್ಕೂ ಹಿಂದಕ್ಕೂ ಸಮನಾಗಿ ಎಳೆಯುತ್ತದೆ.

ತಂತಿ 26 ಗೇಜ್‌ನದಿರಲಿ. ಇನ್ನೂ ತೆಳುವಾದರೆ ತುದಿಗಳು ಸುರುಳಿಯ ಭಾರಕ್ಕೇ ಬಾಗುತ್ತವೆ. ದಪ್ಪ ಸೆಲ್ಲಿನ ಮೇಲೆ 10 ಸುತ್ತು ಸುತ್ತಿ, ಎರಡೂ ಕಡೆ 4 ಸೆಂ.ಮೀ. ಬಿಡಲು ಸುಮಾರು 1.2 ಮೀಟರ್ ಬೇಕು. ಎರಡು ತುದಿಗಳೂ ಒಂದೇ ನೇರದಲ್ಲಿರಬೇಕು. ಕೈಯಿಂದ ತಿರುಗಿಸಿ ಬಿಟ್ಟಾಗ ಪ್ರತಿ ಸಲ ಒಂದೇ ಬದಿ ಕೆಳಗೆ ಬಂದು ನಿಂತರೆ ಆ ಕಡೆ ಭಾರ ಹೆಚ್ಚಿದೆ ಎಂದರ್ಥ. ಸುರುಳಿ ನಿಂತಿದ್ದಾಗ ಅದನ್ನು ಪಿನ್ನಿನ ಮೇಲೆ ಬಿಡಬೇಡಿ. ಅಷ್ಟು ತಂತಿಗೆ ಕಾಲು ಓಮ್ ರೋಧವೂ ಇಲ್ಲದ ಕಾರಣ ಸೆಲ್ ಬೇಗ ಬಿಸಿಯಾಗುತ್ತದೆ. ಮೊಬೈಲಿನ ಲಿಥಿಯಂ ಬ್ಯಾಟರಿಯನ್ನಂತೂ ಇದಕ್ಕೆ ಮುಟ್ಟಲೇಬಾರದು.

ಇಷ್ಟೆಲ್ಲ ಗೊತ್ತಿದ್ದೂ ಸುರುಳಿಯನ್ನು ನೀವೇ ಸರಿಮಾಡಿ ಕೊಡಬೇಡಿ. ತಿರುಗುವ ಒಂದನ್ನೂ ತಿರುಗದ ಒಂದನ್ನೂ ಪಕ್ಕಪಕ್ಕ ಇಟ್ಟು, ಕೈಗೆ ಭೂತಗನ್ನಡಿ ಕೊಟ್ಟು, ತುದಿಗಳಲ್ಲಿ ಏನು ವ್ಯತ್ಯಾಸ ಎಂದು ಕೇಳಿ.

ಪ್ರಶ್ನೆ: ನೀರಿನ ತಟ್ಟೆಯಲ್ಲಿ ಉರಿಯುವ ಮೇಣದಬತ್ತಿ ಇಟ್ಟು ಲೋಟ ಬೋರಲು ಹಾಕಿದರೆ ನೀರು ಐದನೇ ಒಂದು ಭಾಗ ಏರುತ್ತದೆ, ಅದು ಉರಿದುಹೋದ ಆಮ್ಲಜನಕದ ಜಾಗ ಎಂದು ಹೇಳಿಕೊಡುತ್ತೇವೆ. ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಎತ್ತರ ಬರುತ್ತಿದೆ.

ಉತ್ತರ: ಮಕ್ಕಳ ಅಳತೆ ಸರಿ, ಹೇಳಿಕೊಡುತ್ತಿರುವ ವಿವರಣೆ ತಪ್ಪು. ಗಾಳಿಯಲ್ಲಿ ಆಮ್ಲಜನಕ ಶೇ 21ರಷ್ಟಿರುವುದು ನಿಜ. ಆದರೆ ಅದು ಪೂರ್ತಿ ಮುಗಿಯುವ ಬಹಳ ಮೊದಲೇ ಬತ್ತಿ ಆರುತ್ತದೆ, ಬದಲಿಗೆ ಇಂಗಾಲದ ಡೈಆಕ್ಸೈಡ್ ಕೂಡ ಹುಟ್ಟಿರುತ್ತದೆ. ಆಮ್ಲಜನಕದ ಪಾಲು ಇಲ್ಲಿ ಚಿಕ್ಕದು. ಮುಖ್ಯ ಕಾರಣ ಶಾಖ: ಲೋಟ ಇಳಿಸುವಾಗಲೇ ಒಳಗಿನ ಗಾಳಿ ಹಿಗ್ಗಿ ಒಂದಿಷ್ಟು ಹೊರಗೆ ಹೋಗುತ್ತದೆ, ಬತ್ತಿ ಆರಿದ ಮೇಲೆ ಉಳಿದದ್ದು ತಣಿದು ಕುಗ್ಗುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ನೂಕುತ್ತದೆ.

ಲೋಟದ ಅಂಚಿನಲ್ಲಿ ಗುಳ್ಳೆ ಬರುತ್ತದೆಯೇ, ನೀರು ಏರುವುದು ಬತ್ತಿ ಉರಿಯುವಾಗಲೋ ಆರಿದ ಮೇಲೋ ಎಂದು ಗಮನಿಸಲು ಹೇಳಿ. ಆಮೇಲೆ ಅದೇ ಲೋಟ, ಅಷ್ಟೇ ನೀರು ಇಟ್ಟುಕೊಂಡು ಬತ್ತಿಗಳನ್ನು ಮಾತ್ರ ಒಂದರಿಂದ ಮೂರಕ್ಕೆ ಏರಿಸಿ. ಆಮ್ಲಜನಕ ಹೆಚ್ಚಾಗಿಲ್ಲ, ಆದರೂ ನೀರು ಇನ್ನೂ ಮೇಲೆ ಹೋಗುತ್ತದೆ. ಕೊನೆಗೆ ಬತ್ತಿಯೇ ಇಲ್ಲದೆ, ಬಿಸಿನೀರಿನಲ್ಲಿ ತೊಳೆದ ಲೋಟವನ್ನು ತಕ್ಷಣ ತಟ್ಟೆಗೆ ಬೋರಲು ಹಾಕಿಸಿ. ಆಗಲೂ ನೀರು ಏರುತ್ತದೆ. ಉರಿಯ ಬಳಿ ಬರುವ ಮುನ್ನ ಉದ್ದ ಕೂದಲು ಕಟ್ಟಿರಲಿ, ಬತ್ತಿಯ ಬುಡಕ್ಕೆ ಜೇಡಿಮಣ್ಣು ಮೆತ್ತಿರಲಿ.

ಪ್ರಶ್ನೆ: ಪ್ರಶ್ನೆ ಕೇಳಿದರೆ ಮಕ್ಕಳು ಸುಮ್ಮನಿರುತ್ತಾರೆ. ಉತ್ತರ ಹೇಳಿಬಿಡಲೇ?

ಉತ್ತರ: ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದೇ ಸೆಕೆಂಡ್ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೂ ಮಕ್ಕಳ ಉತ್ತರ ಉದ್ದವಾಗುತ್ತದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಆಮೇಲೂ ಮೌನವೇ ಆದರೆ ಪ್ರಶ್ನೆ ದೊಡ್ಡದಾಗಿದೆ. ‘ಏಕೆ?’ ಬಿಟ್ಟು ‘ಮೊದಲು ಏನಾಯಿತು?’ ಎಂದು ಕೇಳಿ.

ಪ್ರಶ್ನೆ: 1 ಮೀಟರ್ ಲೋಲಕದ ಒಂದು ತೂಗಾಟಕ್ಕೆ (ಹೋಗಿ ಮರಳಿ ಬರಲು) ಒಂದು ಗುಂಪಿಗೆ 1.8 ಸೆಕೆಂಡ್, ಇನ್ನೊಂದಕ್ಕೆ 2.1 ಬಂತು. ಬರಬೇಕಾದ್ದು 2 ಅಲ್ಲವೇ?

ಉತ್ತರ: ಹೌದು. 1.8 ಬಂದವರು ಗುಂಡನ್ನು ಬಿಡುವಾಗಲೇ ‘ಒಂದು’ ಎಂದು ಎಣಿಕೆ ಶುರು ಮಾಡಿರಬಹುದು. ಆಗ ಹತ್ತು ಎಂದದ್ದು ನಿಜಕ್ಕೂ ಒಂಬತ್ತು ತೂಗಾಟ. ‘ಸೊನ್ನೆ’ಯಿಂದ ಎಣಿಸಲು ಹೇಳಿ. 2.1 ಬಂದವರು ಗುಂಡನ್ನು ತೀರಾ ದೂರ ಎಳೆದು ಬಿಟ್ಟಿರಬಹುದು (60 ಡಿಗ್ರಿಗೆ ಕಾಲ ಸುಮಾರು ಶೇ 7 ಹೆಚ್ಚುತ್ತದೆ), ಇಲ್ಲವೇ ಉದ್ದವನ್ನು ಗುಂಡಿನ ನಡುವಿನವರೆಗೆ ಅಳೆಯದೆ ದಾರದ ತುದಿಗೇ ನಿಲ್ಲಿಸಿರಬಹುದು. 10 ಡಿಗ್ರಿ ಮೀರದಂತೆ ಬಿಟ್ಟು, 20 ತೂಗಾಟದ ಕಾಲ ಅಳೆದು 20ರಿಂದ ಭಾಗಿಸಲಿ. ಗಡಿಯಾರ ಒತ್ತುವಾಗಿನ 0.2 ಸೆಕೆಂಡ್ ತಡ 40 ಸೆಕೆಂಡಿನಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ತೂಕ ಬದಲಿಸಿ ನೋಡುವ ಹಂತದಲ್ಲಿ ಇನ್ನೊಂದು ಎಡವಟ್ಟು ಕಾದಿರುತ್ತದೆ. ಅದೇ ದಾರಕ್ಕೆ ದೊಡ್ಡ ಗುಂಡು ಕಟ್ಟಿದರೆ ಅದರ ನಡುಭಾಗ ಕೆಳಗಿಳಿದು ಲೋಲಕ ಉದ್ದವಾಗುತ್ತದೆ, ‘ಭಾರ ಹೆಚ್ಚಿದರೆ ನಿಧಾನ’ ಎಂದು ಮಕ್ಕಳು ಬರೆದುಕೊಳ್ಳುತ್ತಾರೆ. ಒಂದೇ ಅಳತೆಯ ಎರಡು ಪುಟ್ಟ ಸೀಸೆಗಳಲ್ಲಿ ಒಂದಕ್ಕೆ ನೀರು, ಒಂದಕ್ಕೆ ಮರಳು ಕಂಠಪೂರ್ತಿ ತುಂಬಿ ಕಟ್ಟಿಸಿ.