ಸಂಪಾದಕರ ಉತ್ತರ: ಗೋಲಿಯ ಸರದಿ ತಡವಾಗಿ ಬರುತ್ತದೆ

ಅಮ್ಮತ್ತಿ ಕಡೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು: “ಮಗನಿಗೆ ಹದಿನೇಳು ವರ್ಷ, ಎರಡನೇ ಪಿಯುಸಿ. ಶಾಲೆಯಲ್ಲಿ ಹಾಕಿ ಗೋಲಿ (ಗೋಲ್ ಕೀಪರ್) ಆಗಿದ್ದವನು ಈಗ ಫುಟ್ಬಾಲ್ ಗೋಲಿ. ಡಿಗ್ರಿ ಬೇಡ, ಬೆಂಗಳೂರಿಗೆ ಹೋಗಿ ದೊಡ್ಡ ಕ್ಲಬ್ ಸೇರುತ್ತೇನೆ ಎನ್ನುತ್ತಾನೆ. ‘ಓಡಲಾರದವರನ್ನು ಗೋಲಿಗೆ ನಿಲ್ಲಿಸುತ್ತಾರೆ, ಅದೂ ಒಂದು ಕೆಲಸವಾ?’ ಎಂದು ನನ್ನ ಅಣ್ಣ ನಗುತ್ತಾರೆ. ಹುಡುಗನ ಎತ್ತರ ಐದಡಿ ಹತ್ತಿಂಚು. ಗೋಲಿಯ ಆಟ ಎಷ್ಟು ವರ್ಷ ನಡೆಯುತ್ತದೆ? ಅದರಲ್ಲಿ ಹೊಟ್ಟೆಪಾಡು ಸಾಗುತ್ತದೆಯೇ? ಪೆನಾಲ್ಟಿ ಬಂದರೆ ನನಗೆ ನೋಡಲಾಗುವುದಿಲ್ಲ, ಎದ್ದು ಹೋಗಿಬಿಡುತ್ತೇನೆ. ಇನ್ನು ಮಳೆಗಾಲದಲ್ಲಿ ಗ್ಲೌಸ್ ಹಾಳಾಗುವುದನ್ನು ನೋಡಿದರೆ, ಅದನ್ನು ಕೊಡಿಸುವುದರಲ್ಲೇ ನಾವು ಸೋತುಹೋಗುತ್ತೇವೆ.”

ಅಮ್ಮತ್ತಿಯ ಸೋದರಿಗೆ ನಮಸ್ಕಾರ.

ನಿಮ್ಮ ಅಣ್ಣನವರಿಂದಲೇ ಶುರು ಮಾಡುತ್ತೇನೆ. ಅವರು ಹೇಳಿದ್ದು ಸುಳ್ಳಲ್ಲ, ಹಳೆಯದು ಅಷ್ಟೆ. ದಪ್ಪಗಿರುವವನನ್ನೋ ಬೂಟಿಲ್ಲದವನನ್ನೋ ಗೋಲಿಗೆ ನಿಲ್ಲಿಸುವುದು ನಮ್ಮ ಊರಿನ ಮೈದಾನಗಳಲ್ಲಿ ಇದ್ದದ್ದೇ. ಆ ಕಾಲದ ಆಟವೂ ಅದಕ್ಕೆ ಒಪ್ಪುತ್ತಿತ್ತು. ಒಂದು ಗೋಲು ಮುಂದಿದ್ದ ತಂಡದ ಡಿಫೆಂಡರ್ ಚೆಂಡನ್ನು ಹಿಂದಕ್ಕೆ ತಳ್ಳುತ್ತಿದ್ದ, ಗೋಲಿ ಅದನ್ನು ಎತ್ತಿ ಎದೆಗವಚಿಕೊಂಡು ಹೊತ್ತು ಕಳೆಯುತ್ತಿದ್ದ. 1990ರ ವಿಶ್ವಕಪ್ ಈ ಚಾಳಿಯಿಂದ ಸಪ್ಪೆಯಾಯಿತೆಂದು ಜಗತ್ತೇ ಬೈದ ಮೇಲೆ 1992ರಲ್ಲಿ ನಿಯಮ ಬದಲಾಯಿತು. ತನ್ನದೇ ತಂಡದವನು ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಗೋಲಿ ಕೈಯಲ್ಲಿ ಮುಟ್ಟುವಂತಿಲ್ಲ. ಅಲ್ಲಿಂದ ಮುಂದೆ ಕಾಲಿನ ಆಟ ಬಾರದ ಗೋಲಿಗೆ ದೊಡ್ಡ ತಂಡಗಳಲ್ಲಿ ಜಾಗ ಕಡಿಮೆಯಾಗುತ್ತಾ ಬಂತು. ಎದುರಾಳಿ ಮೈಮೇಲೆ ಬೀಳುವಾಗ ಎಡಗಾಲು ಬಲಗಾಲು ಎರಡರಲ್ಲೂ ಅಳತೆಯ ಪಾಸ್ ಕೊಡಬೇಕು, ಡಿಫೆಂಡರ್‌ಗಳ ಬೆನ್ನ ಹಿಂದೆ ಬಿದ್ದ ಚೆಂಡಿಗೆ ಪೆನಾಲ್ಟಿ ಆವರಣ ಬಿಟ್ಟು ಓಡಿಬರಬೇಕು. 2025ರ ಜುಲೈಯಿಂದ ಇನ್ನೊಂದು ನಿಯಮ ಬಂದಿದೆ. ಗೋಲಿ ಎಂಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಚೆಂಡನ್ನು ಕೈಯಲ್ಲಿಟ್ಟುಕೊಂಡರೆ ಎದುರಾಳಿಗೆ ಕಾರ್ನರ್. ಕೊನೆಯ ಐದು ಸೆಕೆಂಡನ್ನು ರೆಫರಿ ಕೈಯೆತ್ತಿ ಬೆರಳಿನಲ್ಲಿ ಎಣಿಸಿ ತೋರಿಸುತ್ತಾರೆ. ಈ ನಿಯಮ ನಿಮ್ಮ ಮಗನಿಗೆ ಗೊತ್ತೇ ಎಂದು ಒಮ್ಮೆ ಸುಮ್ಮನೆ ಕೇಳಿ ನೋಡಿ. ಅವನಿಗೆ ಈ ಹುಚ್ಚು ಎಷ್ಟು ಆಳವಾಗಿ ಹಿಡಿದಿದೆ ಎಂಬುದು ಉತ್ತರದಲ್ಲೇ ತಿಳಿಯುತ್ತದೆ.

ಹಾಕಿ ಬಿಟ್ಟನಲ್ಲ ಎಂಬ ಕೊರಗು ನಿಮ್ಮ ಪತ್ರದಲ್ಲಿ ಇಣುಕುತ್ತದೆ. ಕೊಡಗಿನ ಮಟ್ಟಿಗೆ ಅದು ಸಹಜ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕುಟುಂಬ ಹಾಕಿ ಇವತ್ತು 300ಕ್ಕೂ ಹೆಚ್ಚು ಮನೆತನಗಳ ಹಬ್ಬ. ಫುಟ್ಬಾಲ್‌ಗೆ ಅಂಥ ಭಾಗ್ಯ ಇಲ್ಲಿಲ್ಲ. ತೋಟದ ಲೈನ್‌ಮನೆಗಳ ಹುಡುಗರು, ಸುಂಟಿಕೊಪ್ಪ ಸಿದ್ದಾಪುರದ ಪೇಟೆ ಹುಡುಗರು ಸಾಕಿಕೊಂಡು ಬಂದ ಆಟ ಅದು. ಆದರೆ ಹಾಕಿಯಲ್ಲಿ ಗೋಲು ಕಾದದ್ದು ವ್ಯರ್ಥವಾಗಿಲ್ಲ. ಗೋಲಿಗಳಲ್ಲಿ ಇಂದಿಗೂ, ವರ್ಷದ ಶ್ರೇಷ್ಠ ಫುಟ್ಬಾಲಿಗನಿಗೆ ಕೊಡುವ ಬಾಲನ್ ಡಿ’ಓರ್ ಗೆದ್ದ ಒಬ್ಬನೇ ಒಬ್ಬ, 1963ರ ಲೆವ್ ಯಾಶಿನ್, ಮಾಸ್ಕೋದಲ್ಲಿ ಐಸ್ ಹಾಕಿಯ ಗೋಲಿಯೂ ಆಗಿದ್ದವರು. ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬಿನಲ್ಲಿ ಹೆಸರು ಮಾಡಿದ ಪೀಟರ್ ಚೆಕ್ 2019ರಲ್ಲಿ ಫುಟ್ಬಾಲ್‌ನಿಂದ ನಿವೃತ್ತರಾದ ಮೇಲೆ ಇಂಗ್ಲೆಂಡಿನ ಒಂದು ಸಣ್ಣ ಐಸ್ ಹಾಕಿ ತಂಡದ ಗೋಲಿಗೆ ಹೋಗಿ ನಿಂತರು. ಗೋಲು ಕಾಯುವ ಗೀಳು ಎಂಥದ್ದೆಂದು ತಿಳಿಯಲು ನಾವು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 1992ರ ಬಾರ್ಸಿಲೋನಾ, 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗಳಲ್ಲಿ ಭಾರತದ ಹಾಕಿ ಗೋಲು ಕಾದ ಅಂಜಪರವಂಡ ಸುಬ್ಬಯ್ಯ ನಮ್ಮವರೇ.

ಒಂದು ಎಚ್ಚರಿಕೆ ಮಾತ್ರ ಇದೆ. ಹಾಕಿ ಗೋಲಿನ ಅಗಲ 3.66 ಮೀಟರ್, ಫುಟ್ಬಾಲ್ ಗೋಲಿನದ್ದು 7.32. ಸರಿಯಾಗಿ ಎರಡು ಪಟ್ಟು. ಎತ್ತರದಲ್ಲಿ ಒಂದಡಿ ಹೆಚ್ಚು. ಹಾಕಿಯಲ್ಲಿ ಚೆಂಡನ್ನು ಒದ್ದು, ತಳ್ಳಿ ಆಚೆ ಕಳಿಸಿದರೆ ಕೆಲಸ ಮುಗಿಯಿತು. ಇಲ್ಲಿ ಹಿಡಿದು ಇಟ್ಟುಕೊಳ್ಳಬೇಕು, ಇಲ್ಲವೇ ಪಕ್ಕಕ್ಕೆ ತಟ್ಟಬೇಕು. ಹಾಕಿಯಿಂದ ಬಂದ ಹುಡುಗರು ಚೆಂಡನ್ನು ಮುಂದಕ್ಕೇ ತಳ್ಳಿ ಎದುರಾಳಿಯ ಕಾಲಿಗೆ ಒಪ್ಪಿಸಿಬಿಡುತ್ತಾರೆ. ಈ ಅಭ್ಯಾಸ ಬಿಡಿಸಲು ಗೋಲಿಗಳಿಗೆಂದೇ ಇರುವ ಕೋಚ್ ಬೇಕು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಎಷ್ಟು ವರ್ಷ?

ಫುಟ್ಬಾಲ್‌ನಲ್ಲಿ ಬೇರೆ ಯಾರಿಗಿಂತಲೂ ಹೆಚ್ಚು. ಇಟಲಿಯ ಬುಫಾನ್ ಪಾರ್ಮಾ ತಂಡಕ್ಕೆ ಮೊದಲ ಲೀಗ್ ಪಂದ್ಯ ಆಡಿದ್ದು 1995ರ ನವೆಂಬರ್‌ನಲ್ಲಿ, ಹದಿನೇಳನೇ ವಯಸ್ಸಿನಲ್ಲಿ. ಎದುರಿಗೆ ಮಿಲಾನ್, ಒಂದೂ ಗೋಲು ಬಿಡಲಿಲ್ಲ. ನಿವೃತ್ತರಾದದ್ದು 2023ರಲ್ಲಿ, ಅದೇ ಪಾರ್ಮಾದಿಂದ, 45ನೇ ವಯಸ್ಸಿನಲ್ಲಿ. ನಡುವೆ 2006ರ ವಿಶ್ವಕಪ್, ದೇಶಕ್ಕಾಗಿ 176 ಪಂದ್ಯ. ಅದೇ ಇಟಲಿಯ ಡೀನೋ ಜೋಫ್ 1982ರಲ್ಲಿ ನಾಯಕನಾಗಿ ವಿಶ್ವಕಪ್ ಎತ್ತಿದಾಗ ಅವರಿಗೆ ನಲವತ್ತು. ಈಜಿಪ್ಟಿನ ಎಸ್ಸಾಮ್ ಅಲ್ ಹದರಿ 2018ರ ವಿಶ್ವಕಪ್‌ನಲ್ಲಿ 45 ದಾಟಿದ ವಯಸ್ಸಿಗೆ ಆಡಿ, ಸೌದಿ ಅರೇಬಿಯಾ ವಿರುದ್ಧ ಒಂದು ಪೆನಾಲ್ಟಿಯನ್ನೂ ತಡೆದರು. ಗೋಲಿ ಓಡುವ ದೂರ ಕಡಿಮೆ, ಮಂಡಿ ಬೇಗ ಸವೆಯುವುದಿಲ್ಲ. ಅದಕ್ಕಿಂತ ಹೆಚ್ಚಿನದು, ಎಲ್ಲಿ ನಿಲ್ಲಬೇಕೆಂಬ ತಿಳಿವು ವಯಸ್ಸಿನ ಜೊತೆ ಬರುತ್ತದೆ. ಇಪ್ಪತ್ತರ ಗೋಲಿ ಹಾರಿ ಹಿಡಿಯುವ ಚೆಂಡನ್ನು ಮೂವತ್ತೈದರವನು ಎರಡು ಹೆಜ್ಜೆ ಮೊದಲೇ ಸರಿದು ನಿಂತಲ್ಲೇ ಹಿಡಿಯುತ್ತಾನೆ. ಗ್ಯಾಲರಿಯಲ್ಲಿ ಕೂತವರು ಚಪ್ಪಾಳೆ ಹೊಡೆಯುವುದು ಹಾರಿದವನಿಗೆ, ಅದು ಬೇರೆ ವಿಷಯ.

ಹಾಗಂತ ಈ ದೀರ್ಘಾಯುಷ್ಯ ಪುಕ್ಕಟೆಯಲ್ಲ. ತಂಡವೊಂದರಲ್ಲಿ ಮೂವರು ಗೋಲಿಗಳಿರುತ್ತಾರೆ, ಆಡುವವನು ಒಬ್ಬ. ಫಾರ್ವರ್ಡ್ ಆಟಗಾರನನ್ನು ಕೊನೆಯ ಇಪ್ಪತ್ತು ನಿಮಿಷಕ್ಕೆ ಇಳಿಸಿ ನೋಡುತ್ತಾರೆ. ಗೋಲಿಗೆ ಆ ಅವಕಾಶವೂ ಇಲ್ಲ. ಮೊದಲನೆಯವನಿಗೆ ಗಾಯವಾಗಬೇಕು, ಇಲ್ಲವೇ ಅವನು ಕೆಡಬೇಕು. ಇಂಗ್ಲೆಂಡಿನ ಸ್ಕಾಟ್ ಕಾರ್ಸನ್ 2019ರಿಂದ 2025ರವರೆಗೆ ಮ್ಯಾಂಚೆಸ್ಟರ್ ಸಿಟಿಯಲ್ಲಿದ್ದರು. ಆಡಿದ್ದು ಎರಡೇ ಎರಡು ಅಧಿಕೃತ ಪಂದ್ಯ. ಅದೂ ಒಂದು ವೃತ್ತಿಜೀವನವೇ. ಸಂಬಳ ಬರುತ್ತದೆ, ಪದಕಗಳೂ ಬರುತ್ತವೆ. ಹದಿನೇಳರ ಹುಡುಗ ಕನಸು ಕಾಣುವುದು ಅದನ್ನಲ್ಲ, ಅಷ್ಟೆ.

ಭಾರತ ತಂಡದ ಗೋಲು ಕಾದ ನಮ್ಮ ಗುರುಪ್ರೀತ್ ಸಿಂಗ್ ಸಂಧು 2014ರಲ್ಲಿ ನಾರ್ವೆಯ ಸ್ಟಾಬೆಕ್ ಕ್ಲಬ್‌ಗೆ ಹೋದರು. ಅಲ್ಲಿನ ಲೀಗ್‌ನಲ್ಲಿ ಮೊದಲ ಸಲ ಕಣಕ್ಕಿಳಿದದ್ದು 2016ರಲ್ಲಿ. ಆ ಎರಡು ವರ್ಷ ಅವರು ಸುಮ್ಮನೆ ಕೂತಿರಲಿಲ್ಲ, ತನಗಿಂತ ಗಟ್ಟಿಯಾದವರ ಜೊತೆ ದಿನವೂ ಅಭ್ಯಾಸ ಮಾಡಿದರು. 2017ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದಾಗ ಆ ತಾಲೀಮಿನ ಫಲ ಕಂಡಿತು. ಆದರೆ ಸಂಧು ಹೋದದ್ದು 22ನೇ ವಯಸ್ಸಿನಲ್ಲಿ, ಇಲ್ಲಿ ಸಾಕಷ್ಟು ಪಂದ್ಯ ಆಡಿದ ಮೇಲೆ. ಹದಿನೇಳರಿಂದ ಇಪ್ಪತ್ತರವರೆಗಿನ ಹುಡುಗನಿಗೆ ನಾನು ಹೇಳುವುದು ಬೇರೆ: ದೊಡ್ಡ ಕ್ಲಬ್ಬಿನ ಜೆರ್ಸಿ ತೊಟ್ಟು ಬೆಂಚಿನಲ್ಲಿ ಕೂರುವುದಕ್ಕಿಂತ, ಬೆಂಗಳೂರಿನ ‘ಎ’ ಡಿವಿಷನ್ನೋ ‘ಬಿ’ ಡಿವಿಷನ್ನೋ ತಂಡವೊಂದಕ್ಕೆ ಪೂರ್ತಿ ಸೀಸನ್ ಆಡುವುದು ಮೇಲು. ಗೋಲಿ ಕಲಿಯುವುದು ಬಿಟ್ಟ ಗೋಲುಗಳಿಂದ. ಬೆಂಚಿನಲ್ಲಿ ಕೂತವನು ಗೋಲು ಬಿಡುವುದೇ ಇಲ್ಲ. ಮಗ ಯಾವ ಕ್ಲಬ್‌ಗೆ ಹೋಗುತ್ತೇನೆಂದರೂ ನೀವು ಎರಡೇ ಪ್ರಶ್ನೆ ಕೇಳಿ. ಗೋಲಿಗಳಿಗೆ ಬೇರೆ ಕೋಚ್ ಇದ್ದಾರೆಯೇ? ನಿನಗಿಂತ ಮುಂದೆ ಎಷ್ಟು ಜನ ಗೋಲಿಗಳಿದ್ದಾರೆ?

ಹಣದ ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಭಾರತದಲ್ಲಿ ಫುಟ್ಬಾಲ್ ಒಂದನ್ನೇ ನಂಬಿ ಮನೆ ನಡೆಸುವ ಗೋಲಿಗಳು ತೀರಾ ಕಡಿಮೆ, ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ತಂಡಗಳ ಮೊದಲ ಮತ್ತು ಎರಡನೆಯ ಗೋಲಿಗಳನ್ನು ಎಣಿಸಿದರೆ ಹೆಚ್ಚುಕಡಿಮೆ ಮುಗಿಯಿತು. ಆ ಐಎಸ್‌ಎಲ್ ಕೂಡ ಅಲುಗಾಡಿದ್ದನ್ನು ನೋಡಿದೆವು. 2025ರ ಜುಲೈನಲ್ಲಿ, ಫೆಡರೇಷನ್ ಜೊತೆಗಿನ ಒಪ್ಪಂದ ಮುಂದುವರಿಯುತ್ತದೋ ಇಲ್ಲವೋ ತಿಳಿಯದೆ ಸಂಘಟಕರು ಸೀಸನ್ನನ್ನೇ ತಡೆಹಿಡಿದರು. ಕೆಲವು ಕ್ಲಬ್‌ಗಳು ಆಟಗಾರರ ಸಂಬಳ ನಿಲ್ಲಿಸಿದವು. ದೇಶದ ತಂಡದ ಆಟಗಾರರೇ ತಿಂಗಳುಗಟ್ಟಲೆ ಪಂದ್ಯವಿಲ್ಲದೆ ಕಾದರು. ಆದ್ದರಿಂದ ಡಿಗ್ರಿ ಬಿಡುವ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಬೆಂಗಳೂರಿನ ಕಾಲೇಜು ಸೇರಲಿ, ಅಲ್ಲಿಯೇ ಆಡಲಿ. ವಿಶ್ವವಿದ್ಯಾಲಯದ ತಂಡವೂ ಒಂದು ಮೆಟ್ಟಿಲು. ಗೋಲಿಗೆ ಕಾಲಾವಕಾಶ ಇದೆ ಎಂದೆನಲ್ಲ, ಅದರ ಲಾಭ ಇದೇ. ಮೂರು ವರ್ಷ ಓದಿದರೂ ಅವನಿಗೆ ಆಗ ಇಪ್ಪತ್ತೊಂದರ ಆಸುಪಾಸು. ಅದೇ ಮೈದಾನದ ಅಂಚಿನಲ್ಲಿ ಓಡುವ ವಿಂಗರ್ ಆಗಿದ್ದರೆ ನಾನು ಇಷ್ಟು ಧೈರ್ಯವಾಗಿ ಹೇಳುತ್ತಿರಲಿಲ್ಲ.

ಕೊಡಗಿನವರಿಗೆ ಗೊತ್ತಿರುವ ಇನ್ನೊಂದು ದಾರಿ ಸೇನೆ. 1956 ಮತ್ತು 1960ರ ಒಲಿಂಪಿಕ್ಸ್‌ಗೆ ಹೋಗಿದ್ದ, 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಗೋಲಿ ಪೀಟರ್ ತಂಗರಾಜ್ ಹೆಸರು ಮಾಡಿದ್ದು ವೆಲ್ಲಿಂಗ್ಟನ್‌ನ ಮದ್ರಾಸ್ ರೆಜಿಮೆಂಟಲ್ ಸೆಂಟರ್ ತಂಡದಲ್ಲಿ. ಬೆಂಗಳೂರಿನಲ್ಲೂ ಸೇನೆಯ ಎಂಇಜಿ, ಎಎಸ್‌ಸಿ, ಸರ್ಕಾರಿ ಕಾರ್ಖಾನೆಗಳಾದ ಎಚ್‌ಎಎಲ್, ಐಟಿಐಗಳ ತಂಡಗಳೇ ಎಷ್ಟೋ ಕಾಲ ಆಟವನ್ನು ಹೊತ್ತು ನಡೆಸಿದವು. ಕ್ರೀಡಾ ಕೋಟಾದ ನೌಕರಿ ಈಗ ಮೊದಲಿನಷ್ಟು ಇಲ್ಲವಾದರೂ ಸೇನೆ, ರೈಲ್ವೆಗಳ ಬಾಗಿಲು ಮುಚ್ಚಿಲ್ಲ. ರಾಜ್ಯಗಳ ನಡುವಿನ ಫುಟ್ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಗೆ ರಾಜ್ಯ ತಂಡದಲ್ಲಿ ಆಡಿದವನ ಅರ್ಜಿಗೆ ತೂಕ ಬೇರೆಯೇ. ಕರ್ನಾಟಕ ಆ ಟ್ರೋಫಿಯನ್ನು 54 ವರ್ಷಗಳ ನಂತರ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಗೆದ್ದದ್ದು ನಿಮಗೆ ನೆನಪಿರಬಹುದು.

ಎತ್ತರ: ಐದಡಿ ಹತ್ತು ಕಷ್ಟವೇ. ಮೆಕ್ಸಿಕೋದ ಹೋರ್ಹೆ ಕಾಂಪೋಸ್ ಸುಮಾರು ಐದೂವರೆ ಅಡಿಯ ಆಳು, ಎರಡು ವಿಶ್ವಕಪ್‌ಗಳಲ್ಲಿ ಗೋಲು ಕಾದವರು ಎಂದು ಹುಡುಗರು ಉದಾಹರಣೆ ಕೊಡುತ್ತಾರೆ. ಕೊಡಲಿ. ಟ್ರಯಲ್ಸ್‌ಗೆ ಹೋದರೆ ಆರಡಿಯವರನ್ನೇ ಮೊದಲು ಸಾಲಿನಿಂದ ಕರೆಯುತ್ತಾರೆ. ಎತ್ತರ ಕಡಿಮೆ ಇದ್ದವನು ಬದಿಯಿಂದ ಎತ್ತಿ ಹೊಡೆದ ಚೆಂಡು (ಕ್ರಾಸ್) ಬಂದಾಗ ಹೊರಬರುವ ಧೈರ್ಯದಲ್ಲಿ, ಕಾಲಾಟದಲ್ಲಿ ಅದನ್ನು ತುಂಬಿಕೊಳ್ಳಬೇಕು. ಇನ್ನೊಂದು ಇಂಚು ಬೆಳೆಯುವ ವಯಸ್ಸೂ ಅವನದ್ದೇ. ಬೆಟ್ಟದ ಜಿಲ್ಲೆಯಿಂದ ಬಂದವನೆಂಬ ಅಳುಕಂತೂ ಬೇಡ. ಮೋಹನ್ ಬಾಗಾನ್ ಪರವಾಗಿ 2022-23ರ ಐಎಸ್‌ಎಲ್‌ನಲ್ಲಿ ಶ್ರೇಷ್ಠ ಗೋಲಿಗೆ ಕೊಡುವ ಗೋಲ್ಡನ್ ಗ್ಲೌವ್ ಪಡೆದ ವಿಶಾಲ್ ಕೈತ್ ಹಿಮಾಚಲದ ರೋಹ್ರು ಕಡೆಯವರು. ನಮ್ಮಲ್ಲಿ ಕಾಫಿ, ಅಲ್ಲಿ ಸೇಬು.

ಪೆನಾಲ್ಟಿಗೆ ಬರೋಣ. ದಯವಿಟ್ಟು ಎದ್ದು ಹೋಗಬೇಡಿ, ಗೋಲಿಗೆ ಅಷ್ಟು ನಿರಾಳದ ಗಳಿಗೆ ಬೇರೊಂದಿಲ್ಲ. ಹನ್ನೊಂದು ಮೀಟರ್ ದೂರದಿಂದ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಒದ್ದ ಚೆಂಡು ಗೆರೆ ತಲುಪಲು ಬೇಕಾದ ಸಮಯ ಸುಮಾರು 0.4 ಸೆಕೆಂಡ್. ನಾಲ್ಕರಲ್ಲಿ ಮೂರು ಪಾಲು ಪೆನಾಲ್ಟಿ ಗೋಲಾಗುತ್ತದೆ, ಬಿಟ್ಟರೆ ಯಾರೂ ಬೈಯುವುದಿಲ್ಲ, ತಡೆದರೆ ಹೆಗಲ ಮೇಲೆ ಹೊರುತ್ತಾರೆ. ಇಸ್ರೇಲಿನ ಸಂಶೋಧಕರು 286 ಪೆನಾಲ್ಟಿಗಳನ್ನು ಪರಿಶೀಲಿಸಿ 2007ರಲ್ಲಿ ಒಂದು ಸೋಜಿಗದ ಸಂಗತಿ ಬರೆದರು. ನೂರಕ್ಕೆ ತೊಂಬತ್ತಮೂರಕ್ಕೂ ಹೆಚ್ಚು ಸಲ ಗೋಲಿಗಳು ಎಡಕ್ಕೋ ಬಲಕ್ಕೋ ಹಾರಿದ್ದರು. ನಡುವೆ ನಿಂತೇ ಇದ್ದಿದ್ದರೆ ಇನ್ನಷ್ಟು ಚೆಂಡು ತಡೆಯಬಹುದಿತ್ತು. ನಿಂತು ಗೋಲು ಬಿಟ್ಟರೆ ಸೋಮಾರಿ ಎನ್ನುತ್ತಾರೆ, ಹಾರಿ ಬಿಟ್ಟರೆ ಪಾಪ ಎನ್ನುತ್ತಾರೆ, ಅದಕ್ಕೇ ಹಾರುತ್ತಾರಂತೆ! 2023ರ ಜುಲೈ 4ರಂದು ಬೆಂಗಳೂರಿನ ಕಂಠೀರವದಲ್ಲಿ ಕುವೈತ್ ವಿರುದ್ಧ ಸ್ಯಾಫ್ (ದಕ್ಷಿಣ ಏಷ್ಯಾ ಫುಟ್ಬಾಲ್ ಪಂದ್ಯಾವಳಿ) ಫೈನಲ್ ಪೆನಾಲ್ಟಿಗೆ ಹೋದಾಗ, ಕೊನೆಯ ಒದೆತವನ್ನು ಗುರುಪ್ರೀತ್ ತಡೆದದ್ದನ್ನು ಮಗನ ಜೊತೆ ಕೂತು ಒಮ್ಮೆ ನೋಡಿ.

ನೀವು ಹೆದರಬೇಕಾದದ್ದು ಬೇರೆ ಇದೆ, ತಲೆಗೆ ಬೀಳುವ ಪೆಟ್ಟು. ಚೆಕ್ ಅವರಿಗೆ 2006ರ ಅಕ್ಟೋಬರ್‌ನಲ್ಲಿ ಎದುರಾಳಿಯ ಮಂಡಿ ಬಡಿದು ತಲೆಬುರುಡೆ ಬಿರಿಯಿತು. ಮೂರು ತಿಂಗಳ ಮೇಲೆ ಆಟಕ್ಕೆ ಮರಳಿದಾಗ ಹಾಕಿಕೊಂಡ ಮೆತ್ತೆಯ ಶಿರಸ್ತ್ರಾಣವನ್ನು ನಿವೃತ್ತಿಯವರೆಗೂ ಬಿಡಲಿಲ್ಲ. 2018ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಲಿವರ್‌ಪೂಲ್‌ನ ಲೋರಿಸ್ ಕಾರಿಯಸ್ ಎರಡು ಎಳಸು ಗೋಲು ಬಿಟ್ಟು ಜಗತ್ತಿನ ನಗೆಪಾಟಲಿಗೀಡಾದರು. ಆ ಪಂದ್ಯದಲ್ಲಿ ತಲೆಗೆ ಬಿದ್ದ ಏಟಿನಿಂದ ಮಿದುಳಿಗೆ ಆಘಾತವಾಗಿತ್ತೆಂದು ಅಮೆರಿಕದ ವೈದ್ಯರು ಕೆಲವು ದಿನಗಳ ಬಳಿಕ ಹೇಳಿದರು. ನಮ್ಮ ಊರ ಪಂದ್ಯಾವಳಿಗಳಲ್ಲಿ ಹೆಚ್ಚಿನ ಕಡೆ ಡಾಕ್ಟರ್ ಇರುವುದಿಲ್ಲ. ಮುಖಕ್ಕೆ ನೀರು ಚಿಮುಕಿಸಿ ಮತ್ತೆ ನಿಲ್ಲಿಸುತ್ತಾರೆ. ನಿಮ್ಮ ಮಗ ಪೆಟ್ಟು ತಿಂದು ತಡಬಡಿಸಿದರೆ, ಸ್ಕೋರ್ ಮರೆತರೆ, ವಾಂತಿ ಬರುತ್ತದೆ ಎಂದರೆ ಆ ದಿನದ ಆಟ ಅಲ್ಲಿಗೆ ನಿಲ್ಲಿಸಿ, ಕಪ್ಪಿನ ಫೈನಲ್ ಆದರೂ ಸರಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮೈದಾನದಲ್ಲಿ ನೀವು ಕೂತಿರಲೇಬೇಕು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಗ್ಲೌಸ್ ಬಗ್ಗೆ. ಅಂಗೈಯ ಲೇಟೆಕ್ಸ್‌ಗೆ ಒಣಮಣ್ಣಿನ ನೆಲ ಶತ್ರು, ಬೂಸ್ಟು ಇನ್ನೊಂದು ಶತ್ರು. ಎರಡು ಜೊತೆ ಇರಲಿ: ಹಳೆಯದು ಅಭ್ಯಾಸಕ್ಕೆ, ಹೊಸದು ಪಂದ್ಯಕ್ಕೆ ಮಾತ್ರ. ತೊಡುವ ಮೊದಲು ಅಂಗೈಯನ್ನು ಸ್ವಲ್ಪ ಒದ್ದೆ ಮಾಡಿಕೊಂಡರೆ ಹಿಡಿತ ಹೆಚ್ಚು, ಸವೆತ ಕಡಿಮೆ. ಆಟ ಮುಗಿದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಕೆಸರು ಬಿಡಿಸಿ, ಹಿಂಡದೆ ಒತ್ತಿ ನೀರು ತೆಗೆದು, ಗಾಳಿಯಾಡುವ ಕಡೆ ನೆರಳಿನಲ್ಲಿ ತೂಗುಹಾಕಬೇಕು. ಜೂನ್ ಜುಲೈ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಎಲ್ಲವನ್ನೂ ಒಲೆಯ ಮೇಲೆ ಒಣಗಿಸುವ ರೂಢಿ ಇದೆಯಲ್ಲ, ಅದು ಗ್ಲೌಸ್‌ಗೆ ಬೇಡ, ಲೇಟೆಕ್ಸ್ ಬಿರುಕುಬಿಡುತ್ತದೆ. ಒದ್ದೆಯದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದೂ ಬೇಡ. ಇದೆಲ್ಲ ಅವನೇ ಮಾಡಿಕೊಳ್ಳಲಿ, ನೀವು ತೊಳೆದುಕೊಡಬೇಡಿ.

— ಸಂಪಾದಕ